ಅಂಗೈಯಗಲದ ವಿಮಾನಕ್ಕೆ ಮನೆಯ ಎರಕ

ಎರಕದ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೋಹದ ಮೂರ್ತಿಗಳನ್ನು ಎರಕ ಹೊಯ್ಯುವ ಕ್ರಮವು ವಿವರವಾಗಿ ಬಂದಿದೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ಮಾಡುವುದು, ಅದಕ್ಕೆ ಎರಕದ ನಾಳಗಳನ್ನು ಕೂಡಿಸುವುದು, ನಯವಾದ ಮಣ್ಣನ್ನು ತೆಳ್ಳಗೆ ಬಳಿದು ಒಣಗಿಸುವುದು, ಮತ್ತೆ ಮತ್ತೆ ಲೇಪಿಸುವುದು, ಕಾಯಿಸಿ ಮೇಣವನ್ನು ಕರಗಿಸಿ ತೆಗೆಯುವುದು, ಆ ಬಯಲಿನೊಳಗೆ ಕರಗಿದ ಲೋಹವನ್ನು ಹೊಯ್ಯುವುದು. ಮೇಣದ ತೂಕವನ್ನು ಮೊದಲೇ ತಿಳಿದು ಅದಕ್ಕೆ ತಕ್ಕಷ್ಟು ಲೋಹವನ್ನು ತೂಗಿಕೊಳ್ಳಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದಲ್ಲಿ ಈ ಭಾಗವನ್ನು ನಾವು ಗುರುಗಳ ಮುಂದೆ ಕುಳಿತು ಅರ್ಥೈಸಿದ್ದೆವು. ಪದಪದವೂ ತಿಳಿದಿತ್ತು, ಆದರೆ ಒಂದು ಗುಂಡುಸೂಜಿಯಷ್ಟು ವಸ್ತುವನ್ನಾದರೂ ನಮ್ಮ ಕೈಯಿಂದ ಎರಕ ಹೊಯ್ದವರಲ್ಲ.

ಅರವತ್ತು ದಾಟಿದ ಮೇಲೆ ಆ ಕೆಲಸವನ್ನು ಹತ್ತಿರದಿಂದ ಕಾಣುವ ಯೋಗ ನಮಗೆ ಬಂದಿತು. ಅದಕ್ಕೆ ಕಾರಣ ಪಿ.ಯು.ಸಿ. ಓದುತ್ತಿರುವ ನಮ್ಮ ಮೊಮ್ಮಗ ಮತ್ತು ಅವನ ತಾಯಿಯ ತಂದೆ, ಅಂದರೆ ನಮ್ಮ ಬೀಗರು. ಈ ಬರಹದಲ್ಲಿ ಆ ಹವ್ಯಾಸದ ಸೊಗಸನ್ನೂ ಅದರ ಅಪಾಯವನ್ನೂ ಹೇಳಬೇಕಾಗಿದೆ. ಅಪಾಯದ ಭಾಗದಲ್ಲಿ ತಪ್ಪು ನಮ್ಮದೇ ಆದ್ದರಿಂದ ಮುಚ್ಚಿಡುವುದು ಸರಿಯಲ್ಲ.

ಬೆರಳುಗಳು ಹೇಳಿದ ಮಾತು

ಅಳತೆಗೆ ಅನುಗುಣವಾದ ಪುಟ್ಟ ವಿಮಾನಗಳನ್ನು ಜೋಡಿಸುವ ಹವ್ಯಾಸ ಪ್ರಪಂಚದ ಅನೇಕ ಕಡೆ ಇದೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾದ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ. ಅಂಟಿಸಿ ಬಣ್ಣ ಬಳಿಯಬೇಕು. ಇವುಗಳಲ್ಲಿ ಬಹು ಪ್ರಚಲಿತವಾದ ಪ್ರಮಾಣ 1:72. ನಿಜವಾದ ವಿಮಾನದ ಆರು ಅಡಿ ಇಲ್ಲಿ ಒಂದು ಅಂಗುಲವಾಗುತ್ತದೆ. ಆರಡಿ ಆಳು ಒಂದಂಗುಲದ ಗೊಂಬೆಯಾದಂತೆ ಎಂದರೆ ಮಕ್ಕಳಿಗೂ ಲೆಕ್ಕ ತಿಳಿಯುತ್ತದೆ. 1:48 ಮತ್ತು 1:32 ಎಂಬ ದೊಡ್ಡ ಪ್ರಮಾಣಗಳೂ ಬಳಕೆಯಲ್ಲಿವೆ.

ನಮ್ಮ ಮೊಮ್ಮಗ ಕಳೆದ ವರ್ಷ ಒಂದು ನ್ಯಾಟ್ ವಿಮಾನವನ್ನು ಜೋಡಿಸಿ, ‘ಅಜೀತ್’ ಎಂದು ಹೆಸರು ಬರೆದು, ಬೀಗರ ಕೈಗೆ ಇಟ್ಟನು. ಬೀಗರು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಜೋಡಣೆಯ ಕೆಲಸ ಮಾಡಿ ನಿವೃತ್ತರಾದವರು. 1970ರ ದಶಕದ ಕೊನೆಯಲ್ಲಿ ಅಜೀತ್ ವಿಮಾನಗಳ ಮೇಲೆ ಕೈಯಾಡಿಸಿದವರು. ಗ್ಲಾಕೋಮಾದಿಂದ ಈಗ ಅವರ ಕಣ್ಣು ಬಹುಮಟ್ಟಿಗೆ ಮಂಜಾಗಿದೆ. ಅವರು ಆ ಪುಟ್ಟ ವಿಮಾನವನ್ನು ಮೂಗಿನಿಂದ ಬಾಲದವರೆಗೆ ಬೆರಳಿನಿಂದ ತಡವಿದರು. ರೆಕ್ಕೆಯ ಅಡಿಯನ್ನು ಮುಟ್ಟಿದರು. ಇನ್ನೂ ಗಾಜು ಕೂರಿಸದಿದ್ದ ಪೈಲಟ್ ಕೋಣೆಯೊಳಗೆ ಕಿರುಬೆರಳನ್ನು ಇಳಿಸಿದರು. ಆಮೇಲೆ ನಕ್ಕು, “ಇದು ನ್ಯಾಟು, ಮಗಾ. ಅಜೀತ್ ಅಲ್ಲ. ಸೀಟೇ ಬೇರೆ” ಎಂದರು.

ಹುಡುಗನ ಮುಖ ಸಪ್ಪೆಯಾಯಿತು. ಆದರೆ ಬೀಗರು ಹೇಳಿದ್ದು ನಿಜವಾಗಿತ್ತು.

ನ್ಯಾಟ್ ಬೇರೆ, ಅಜೀತ್ ಬೇರೆ

ನ್ಯಾಟ್ ಎಂಬ ಲಘು ಯುದ್ಧವಿಮಾನವನ್ನು ಇಂಗ್ಲೆಂಡಿನ ಫೋಲಂಡ್ ಸಂಸ್ಥೆಗಾಗಿ ಪೆಟರ್ ಎಂಬ ವಿನ್ಯಾಸಕಾರರು ರೂಪಿಸಿದರು. ಅದು ಮೊದಲು ಹಾರಿದ್ದು 1955ರ ಜುಲೈನಲ್ಲಿ. ಮರುವರ್ಷವೇ ಭಾರತ ಅದನ್ನು ಇಲ್ಲಿ ತಯಾರಿಸುವ ಪರವಾನಗಿ ಪಡೆಯಿತು. ಬೆಂಗಳೂರಿನಲ್ಲಿ ಅವು ತಯಾರಾದವು. 1965ರ ಯುದ್ಧದಲ್ಲಿ ಸೇಬರ್ ವಿಮಾನಗಳನ್ನು ಎದುರಿಸಿದ ಕೀರ್ತಿಯಿಂದ ಅದಕ್ಕೆ ‘ಸೇಬರ್ ಸ್ಲೇಯರ್’ ಎಂಬ ಹೆಸರು ಬಂದಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಏಕಾಂಗಿಯಾಗಿ ಹೋರಾಡಿ ಮಡಿದು, ಮರಣೋತ್ತರ ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಅವರು ಹಾರಿಸುತ್ತಿದ್ದುದೂ ನ್ಯಾಟ್ ವಿಮಾನವನ್ನೇ.

ಆ ನ್ಯಾಟನ್ನೇ ಸುಧಾರಿಸಿ ಎಚ್.ಎ.ಎಲ್. ಸಂಸ್ಥೆಯವರು ಮಾಡಿದ್ದು ಅಜೀತ್. ಅದರ ಮೊದಲ ಹಾರಾಟ 1975ರ ಮಾರ್ಚ್‌ನಲ್ಲಿ ನಡೆಯಿತು. ಹೊರಗಿನಿಂದ ನೋಡಿದರೆ ಎರಡೂ ಅವಳಿಗಳಂತೆಯೇ. ಉದ್ದ ಸುಮಾರು 9 ಮೀಟರ್, ರೆಕ್ಕೆಯ ಅಗಲ ಏಳು ಮೀಟರಿಗೂ ಕಡಿಮೆ. ಆದರೆ ಅಜೀತ್‌ನಲ್ಲಿ ಇಂಧನವನ್ನು ರೆಕ್ಕೆಯೊಳಗೇ ತುಂಬುವ ಏರ್ಪಾಡಾಯಿತು. ಇದರಿಂದ ರೆಕ್ಕೆಯ ಕೆಳಗೆ ಇಂಧನದ ತೊಟ್ಟಿಗಳನ್ನು ಹೊರುವ ಅಗತ್ಯ ತಗ್ಗಿ, ಆ ತಾಣಗಳು ಆಯುಧಗಳಿಗೆ ಬಿಡುವಾದವು. ಅಪಾಯದಲ್ಲಿ ಪೈಲಟನನ್ನು ಹೊರಕ್ಕೆ ಚಿಮ್ಮಿಸುವ ಆಸನವನ್ನೂ ಬದಲಿಸಿ ಮಾರ್ಟಿನ್-ಬೇಕರ್ ಸಂಸ್ಥೆಯ ಆಸನವನ್ನು ಕೂರಿಸಿದರು. ಈ ವಿಮಾನಗಳು 1991ರಲ್ಲಿ ವಾಯುಪಡೆಯಿಂದ ನಿವೃತ್ತವಾದವು.

ಹೀಗಾಗಿ ನ್ಯಾಟ್ ಕಿಟ್ಟನ್ನು ಅಜೀತ್ ಮಾಡಬೇಕಾದರೆ ಒಂದು ಆಸನ, ರೆಕ್ಕೆಯಡಿಯ ನಾಲ್ಕು ಆಯುಧಗೂಟಗಳು ಬೇಕು. ಗೂಟ ಒಂದನ್ನು ಕೆತ್ತಬಹುದು. ನಾಲ್ಕನ್ನೂ ಒಂದೇ ಸಮನಾಗಿ ಕೆತ್ತುವುದು ಕಷ್ಟ. ಆಸನವಂತೂ ಎರಡು ಸೆಂಟಿಮೀಟರಿಗಿಂತ ಚಿಕ್ಕದು. ಜೋಡಿಸುವಾಗ ಮುರಿದರೆ ಮತ್ತೆ ಮೊದಲಿನಿಂದ ಕೆತ್ತಬೇಕು. ಒಂದನ್ನು ಶ್ರದ್ಧೆಯಿಂದ ಮಾಡಿ, ಅದರ ಅಚ್ಚು ತೆಗೆದು, ಬೇಕಾದಷ್ಟು ಎರಕ ಹೊಯ್ಯುವ ಹವ್ಯಾಸಿಗಳ ದಾರಿ ಇಂತಹ ಕಡೆಯೇ ಉಪಯೋಗಕ್ಕೆ ಬರುವುದು. ಬೀಗರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ನಿಜವಾದ ಅಜೀತನ್ನು ಕೊಡುವೆನೆಂದು ಹುಡುಗ ನಿಶ್ಚಯಿಸಿದನು.

ಮೂಲಮಾದರಿ ಮತ್ತು ಅಚ್ಚು

ಎರಕದ ಗುಣವೆಲ್ಲ ಮೂಲಮಾದರಿಯಲ್ಲಿದೆ. ಅದರ ಮೇಲೆ ಒಂದು ಗೀರಿದ್ದರೆ ಪ್ರತಿ ಎರಕದಲ್ಲಿಯೂ ಆ ಗೀರು ಮೂಡುತ್ತದೆ. ಹುಡುಗ ತೆಳುವಾದ ಪಾಲಿಸ್ಟೈರೀನ್ ಹಾಳೆಯನ್ನು ಕತ್ತರಿಸಿ ಆಸನದ ಬಟ್ಟಲನ್ನು ಮಾಡಿದನು. ಬೆನ್ನ ಹಿಂದಿನ ಕೊಳವೆಗೆ ಸಣ್ಣ ತಂತಿ, ದಿಂಬುಗಳಿಗೆ ಎರಡು ಘಟಕಗಳ ಎಪಾಕ್ಸಿ ಮೆದುಗಣಕ. ಚಿತ್ರಗಳನ್ನು ನೋಡಿ ಅಳತೆ ಹಿಡಿದನು. ಚಿತ್ರದಲ್ಲಿ ಕಾಣದ ಬದಿಯನ್ನು ಬೀಗರು ತಮ್ಮ ಅಂಗೈಯ ಮೇಲೆ ಬೆರಳಿನಿಂದ ಗೆರೆಯೆಳೆದು ತೋರಿಸಿದರು. ಪೂರ್ವಲೇಪನದ ಬೂದು ಬಣ್ಣವನ್ನು ಸಿಂಪಡಿಸಿದಾಗ ಅಡಗಿದ ಗೀರುಗಳೆಲ್ಲ ಕಾಣಿಸಿಕೊಂಡವು. ಉಜ್ಜುವುದು, ಬಣ್ಣ ಹೊಡೆಯುವುದು, ಮತ್ತೆ ಉಜ್ಜುವುದು. ಹೀಗೆ ಮೂರು ವಾರ ನಡೆಯಿತು. ಇಂದು ಕೆಲವರು ಮೂಲಮಾದರಿಯನ್ನು ಗಣಕಯಂತ್ರದಲ್ಲಿ ರಚಿಸಿ ತ್ರಿ-ಡಿ ಮುದ್ರಣದಿಂದ ಪಡೆಯುವುದೂ ಉಂಟು.

ಅಚ್ಚಿಗೆ ಬಳಸುವುದು ಸಿಲಿಕೋನ್ ರಬ್ಬರನ್ನು. ಜೇನಿನಂತೆ ದಪ್ಪನಾದ ಈ ದ್ರವಕ್ಕೆ ಗಟ್ಟಿಕಾರಕವನ್ನು ತೂಕದ ಲೆಕ್ಕದಲ್ಲಿ ಬೆರೆಸಿದರೆ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಬಾಗುವ ರಬ್ಬರಾಗುತ್ತದೆ. ಇದರಲ್ಲಿ ಎರಡು ಬಗೆಗಳಿವೆ. ತವರದ ಸಂಯುಕ್ತದಿಂದ ಗಟ್ಟಿಯಾಗುವುದು ಅಗ್ಗ. ಆದರೆ ಕಾಲಕ್ರಮದಲ್ಲಿ ಸ್ವಲ್ಪ ಕುಗ್ಗುತ್ತದೆ. ಪ್ಲಾಟಿನಮ್‌ನಿಂದ ಗಟ್ಟಿಯಾಗುವುದು ಬಹುಕಾಲ ಅಳತೆ ಕೆಡದೆ ಉಳಿಯುತ್ತದೆ. ಆದರೆ ಗಂಧಕ ತಾಗಿದರೆ ಅಂಟಂಟಾಗಿಯೇ ನಿಂತುಬಿಡುತ್ತದೆ. ಮಕ್ಕಳ ಆಟದ ಮೇಣಮಣ್ಣಿನಲ್ಲಿ ಕೆಲವಕ್ಕೆ ಗಂಧಕ ಸೇರಿರುವುದರಿಂದ ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಆಸನವನ್ನು ಒಂದು ಚಿಕ್ಕ ಪೀಠದ ಮೇಲೆ ಅಂಟಿಸಿ, ಸುತ್ತಲೂ ಪ್ಲಾಸ್ಟಿಕ್ ಹಾಳೆಯ ಗೋಡೆ ಕಟ್ಟಿ, ರಬ್ಬರನ್ನು ಹೊಯ್ಯುತ್ತಾರೆ. ಎಷ್ಟು ರಬ್ಬರು ಬೇಕೆಂದು ತಿಳಿಯಲು ಹುಡುಗ ಮೊದಲು ಆ ಪೆಟ್ಟಿಗೆಗೆ ರಾಗಿಕಾಳು ತುಂಬಿ, ಆ ಕಾಳನ್ನು ಅಳೆದುಕೊಂಡನು. ಸೋಮೇಶ್ವರನ ಮೇಣದ ತೂಕ ನಮಗೆ ನೆನಪಾದದ್ದು ಆಗಲೇ. ಮೊದಲು ಕುಂಚದಿಂದ ರಬ್ಬರಿನ ತೆಳುವಾದ ಪದರವನ್ನು ಮಾದರಿಯ ಮೂಲೆಮೂಲೆಗೂ ಬಳಿದು, ಉಳಿದದ್ದನ್ನು ಎತ್ತರದಿಂದ ನೂಲಿನಂತೆ ಸಣ್ಣ ಧಾರೆಯಲ್ಲಿ ಪೆಟ್ಟಿಗೆಯ ಒಂದೇ ಮೂಲೆಗೆ ಬಿಡಬೇಕು. ಹಾಗೆ ಬಿಟ್ಟರೆ ಗಾಳಿಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ಮೊದಲ ಪದರ ನಯವಾಗಿರಬೇಕೆಂಬ ನಿಯಮ ಮಣ್ಣಿನ ಅಚ್ಚಿಗೂ ರಬ್ಬರಿನ ಅಚ್ಚಿಗೂ ಒಂದೇ. ಗಟ್ಟಿಯಾದ ಮೇಲೆ ತಲೆಕೆಳಗು ಮಾಡಿ ಮಾದರಿಯನ್ನು ಎಳೆದರೆ, ಪೀಠವಿದ್ದ ಜಾಗವೇ ಎರಕದ ಬಾಯಿಯಾಗುತ್ತದೆ. ಉರುಟಾದ ತೊಟ್ಟಿಯಂಥ ಭಾಗಗಳಿಗೆ ಎರಡು ಹೋಳಿನ ಅಚ್ಚು ಬೇಕು. ರಬ್ಬರು ರಬ್ಬರಿಗೆ ಕಚ್ಚಿಕೊಳ್ಳುವುದರಿಂದ ಹೋಳುಗಳ ನಡುವೆ ವ್ಯಾಸಲೀನನ್ನು ತೆಳ್ಳಗೆ ಸವರುತ್ತಾರೆ. ಮೇಣದ ಎರಕದಲ್ಲಿ ಅಚ್ಚನ್ನು ಒಡೆದು ಒಂದೇ ಮೂರ್ತಿಯನ್ನು ಪಡೆಯುತ್ತಿದ್ದರು; ರಬ್ಬರಿನ ಒಂದು ಅಚ್ಚು ಹರಿಯುವ ಮುನ್ನ ಹತ್ತಾರು ಎರಕಗಳನ್ನು ಕೊಡುತ್ತದೆ.

ಕಿಟಕಿ ಮುಚ್ಚಿದ ದಿನ

ಇಷ್ಟರವರೆಗೆ ಎಲ್ಲವೂ ಸುಗಮವಾಗಿತ್ತು. ಇನ್ನು ಉಳಿದದ್ದು ರಾಳದ ಎರಕ.

ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಪಾಲಿಯುರೆಥೇನ್ ರಾಳವನ್ನು. ಎರಡು ಸೀಸೆಗಳಲ್ಲಿ ಎರಡು ದ್ರವಗಳು. ಒಂದರಲ್ಲಿ ಐಸೋಸಯನೇಟ್, ಇನ್ನೊಂದರಲ್ಲಿ ಪಾಲಿಯಾಲ್. ಅನೇಕ ತಯಾರಿಕೆಗಳಲ್ಲಿ ಎರಡನ್ನೂ ಸಮಪಾಲು ಬೆರೆಸಬೇಕು. ಬೆರೆಸಿದ ಮೇಲೆ ಕೈಯಲ್ಲಿರುವ ಕಾಲ ಕೆಲವೇ ನಿಮಿಷ. ತಿಳಿನೀರಿನಂತಿದ್ದುದು ಬಿಸಿಯೇರಿ, ಹಾಲಿನಂತೆ ಬೆಳ್ಳಗಾಗಿ, ಅರ್ಧ ಗಂಟೆಯೊಳಗೆ ದಂತದಂತೆ ಗಟ್ಟಿಯಾಗುತ್ತದೆ. ನೋಡಲು ಇಂದ್ರಜಾಲದಂತಿರುವ ಈ ಕ್ರಿಯೆಯಲ್ಲಿ ಐಸೋಸಯನೇಟಿನ ಎರಡು ದುರ್ಗುಣಗಳು ಅಡಗಿವೆ. ನೀರಿನ ಪಸೆ ತಗುಲಿದರೆ ಅದು ಇಂಗಾಲಾಮ್ಲವನ್ನು ಬಿಡುಗಡೆ ಮಾಡಿ ನೊರೆಯಾಗಿ ಉಕ್ಕುತ್ತದೆ. ಎರಡನೆಯದು ಇದಕ್ಕಿಂತ ಘೋರ: ಅದರ ಆವಿ ಶ್ವಾಸಕೋಶವನ್ನು ಕೆರಳಿಸುತ್ತದೆ, ಕೆಲವರ ದೇಹ ಒಮ್ಮೆ ಅದಕ್ಕೆ ಸೂಕ್ಷ್ಮವಾಯಿತೆಂದರೆ ಮುಂದೆ ಅತಿ ಅಲ್ಪ ಪ್ರಮಾಣವೂ ಉಬ್ಬಸವನ್ನು ತರಬಲ್ಲದು.

ಇದೆಲ್ಲವೂ ಸೀಸೆಗಳ ಜೊತೆ ಬಂದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಹುಡುಗ ಬೆರಸುವ ಪ್ರಮಾಣವನ್ನಷ್ಟೇ ಓದಿದ್ದನು. ಆ ದಿನ ಮನೆಯಲ್ಲಿದ್ದ ಹಿರಿಯರು ನಾವೊಬ್ಬರೇ. ನಾವು ಅದನ್ನು ಕೈಯಲ್ಲಿ ಹಿಡಿದು, ಕನ್ನಡಕವಿಲ್ಲವೆಂದು ಪಕ್ಕಕ್ಕಿಟ್ಟೆವು. ವ್ಯಾಖ್ಯಾನಗಳ ಮೇಲಿನ ವ್ಯಾಖ್ಯಾನಗಳನ್ನು ನಲವತ್ತು ವರ್ಷ ಓದಿದ ನಮಗೆ ಆ ಒಂದು ಪುಟವನ್ನು ಓದುವ ತಾಳ್ಮೆ ಇರಲಿಲ್ಲ.

ಆಷಾಢದ ಜಿಟಿಜಿಟಿ ಮಳೆ. ತೂಗುವ ಯಂತ್ರ ಅಡುಗೆಮನೆಯಲ್ಲಿತ್ತೆಂದು ಕೆಲಸವೂ ಅಲ್ಲಿಯೇ ನಡೆಯಿತು. ಎರಚಲು ಒಳಗೆ ಬರುತ್ತಿದೆಯೆಂದು ಕಿಟಕಿಗಳನ್ನು ಮುಚ್ಚಿದವರು ನಾವೇ. ಮೊದಲ ಎರಕ ಪಸೆಯಿಂದ ನೊರೆಯಾಗಿ ಅಚ್ಚಿನ ಬಾಯಿಂದ ಉಕ್ಕಿತು. ಹುಡುಗ ಎರಡನೆಯದನ್ನು ಬೆರೆಸಿದನು, ಮೂರನೆಯದನ್ನು, ನಾಲ್ಕನೆಯದನ್ನು. ಸಂಜೆ ನಮ್ಮ ಸೊಸೆ ಕೆಲಸದಿಂದ ಬಂದವಳು ನೇರವಾಗಿ ಅದೇ ಅಡುಗೆಮನೆಯಲ್ಲಿ ಒಲೆ ಹಚ್ಚಿದಳು. ಬಾಲ್ಯದಲ್ಲಿ ಅವಳಿಗೆ ಉಬ್ಬಸವಿದ್ದುದು ನಮಗೆ ತಿಳಿಯದ ಸಂಗತಿಯಲ್ಲ. ರಾತ್ರಿ ಹತ್ತರ ಹೊತ್ತಿಗೆ ಅವಳಿಗೆ ಮಾತು ಮುಗಿಸುವಷ್ಟು ಉಸಿರು ಉಳಿದಿರಲಿಲ್ಲ. ಮಗ ಆಸ್ಪತ್ರೆಗೆ ಕರೆದೊಯ್ದನು. ಆಮ್ಲಜನಕ, ಉಸಿರಿನೊಳಗೆ ಎಳೆದುಕೊಳ್ಳುವ ಔಷಧ, ಎರಡು ದಿನದ ವಾಸ. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮನೆಯಲ್ಲಿ ಇವತ್ತು ಏನು ಬಳಸಿದಿರಿ?” ಎಂಬುದು. ಆ ಕಾಗದವನ್ನು ತರಿಸಿ ಅವರು ಮೇಲಿನಿಂದ ಕೆಳಗಿನವರೆಗೆ ಓದಿದರು. ನಾವು ಓದದ್ದನ್ನು ಅವರು ಓದುತ್ತಿರುವಾಗ ನಾವು ಬಾಗಿಲ ಬಳಿ ನಿಂತಿದ್ದೆವು.

ಸೊಸೆ ಗುಣವಾಗಿ ಬಂದಳು. ಮಗ ಸೀಸೆಗಳನ್ನೆಲ್ಲ ಎಸೆಯುವೆನೆಂದನು. ಹುಡುಗ ಊಟ ಬಿಟ್ಟು ಕುಳಿತನು. “ಅವನನ್ನು ಬೈಯಬೇಡಿ. ಕಿಟಕಿ ಮುಚ್ಚಿದವರು ನಾವು, ಕಾಗದವನ್ನು ಪಕ್ಕಕ್ಕಿಟ್ಟವರೂ ನಾವು” ಎಂದು ಎಲ್ಲರೆದುರು ಒಪ್ಪಿಕೊಂಡೆವು. ಸೊಸೆ ಬಹಳ ಹೊತ್ತು ಸುಮ್ಮನಿದ್ದು, “ಮಾವನವರೇ, ಅಪ್ಪನಿಗೆ ಆ ವಿಮಾನ ಬೇಕು. ಆದರೆ ಆ ಸೀಸೆ ಈ ಮನೆಯಲ್ಲಿ ಮತ್ತೆ ತೆರೆಯಬಾರದು” ಎಂದಳು. ಅದೇ ಕಡೆಯ ತೀರ್ಮಾನವಾಯಿತು.

ಮನೆಯೊಳಗಿನದು, ಮನೆಯ ಹೊರಗಿನದು

ಆಮೇಲೆ ನಾವು ಕನ್ನಡಕ ಹಾಕಿಕೊಂಡು ಕುಳಿತು, ಆ ಕಾಗದವನ್ನು ಹುಡುಗನಿಗೆ ವಾಕ್ಯವಾಕ್ಯವಾಗಿ ಅರ್ಥ ಹೇಳಿಸಿದೆವು. ಈ ಹವ್ಯಾಸದಲ್ಲಿ ಮನೆಯೊಳಗೆ ಮಾಡಬಹುದಾದದ್ದು, ಮಾಡಬಾರದ್ದು ಎಂಬ ಎರಡು ಪಟ್ಟಿಗಳಾದವು. ಮೂಲಮಾದರಿ ಮತ್ತು ರಬ್ಬರಿನ ಅಚ್ಚು, ಗಾಳಿಯಾಡುವ ಕೋಣೆಯಲ್ಲಿ, ಮನೆಯೊಳಗೆ. ಐಸೋಸಯನೇಟಿನ ಸೀಸೆಯನ್ನು ತೆರೆಯುವ ಕೆಲಸ ಮನೆಯ ಹೊರಗೆ. ಹುಡುಗನ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕರು ಪ್ರಯೋಗಾಲಯದ ಅನಿಲ ಹೊರಹಾಕುವ ಕಪಾಟಿನಲ್ಲಿ ತಮ್ಮ ಎದುರಿಗೇ ಎರಕ ಹೊಯ್ಯಲು ಅನುಮತಿ ಕೊಟ್ಟರು. ಇಂತಹ ಅನುಕೂಲವಿಲ್ಲದವರು ಪೂರ್ತಿ ಬಯಲಿನಲ್ಲಿ, ಒಣಹವೆಯಲ್ಲಿ, ವಯಸ್ಕರೇ ಈ ಕೆಲಸ ಮಾಡಬೇಕು. ಕೈಗೆ ರಬ್ಬರಿನ ಗವಸು, ಕಣ್ಣಿಗೆ ರಕ್ಷಕ ಕನ್ನಡಕ, ಮುಖಕ್ಕೆ ಸಾವಯವ ಆವಿಗಳನ್ನು ಹೀರುವ ಡಬ್ಬಿಗಳುಳ್ಳ ಮುಖವಾಡ ಬೇಕು. ಬಟ್ಟೆಯ ಅಥವಾ ಕಾಗದದ ಮುಖಗವಸು ಆವಿಯನ್ನು ತಡೆಯದು. ಉಬ್ಬಸವಿರುವವರು, ಗರ್ಭಿಣಿಯರು, ಮಕ್ಕಳು ಹತ್ತಿರ ಸುಳಿಯಬಾರದು. ಬೆರೆಸಿದ ಬಟ್ಟಲು, ಕಡ್ಡಿಗಳು ಮತ್ತೆ ಅಡುಗೆಗೆ ಬರಬಾರದು. ಅಳೆದ ರಾಗಿಯನ್ನೂ ನಾವು ಡಬ್ಬಿಗೆ ಮರಳಿಸಲಿಲ್ಲ.

ಪ್ರಯೋಗಾಲಯದಲ್ಲಿ ಕೆಲಸ ನಿಧಾನವಾಗಿ ಸಾಗಿತು. ಅಚ್ಚಿನೊಳಗೆ ಪೌಡರನ್ನು ತೆಳ್ಳಗೆ ಉದುರಿಸಿ ಕೊಡವಿದರೆ ರಾಳವು ಸಣ್ಣ ಮೂಲೆಗಳಿಗೂ ಹರಿಯುತ್ತದೆ. ಕಡ್ಡಿ, ಬಟ್ಟಲುಗಳೆಲ್ಲ ಪೂರ್ತಿ ಒಣಗಿರಬೇಕು. ಮೊದಲು ಸ್ವಲ್ಪ ರಾಳ ಬಿಟ್ಟು, ಅಚ್ಚನ್ನು ಬಾಗಿಸಿ ಹಿಚುಕಿ, ಸೂಜಿಯ ಮೊನೆಯಿಂದ ಗುಳ್ಳೆಗಳನ್ನು ಮೇಲೆತ್ತಿ, ಅನಂತರ ತುಂಬಬೇಕು. ವೃತ್ತಿಯವರು ಒತ್ತಡದ ತೊಟ್ಟಿಯಲ್ಲಿಟ್ಟು ಗುಳ್ಳೆಗಳನ್ನು ಕಾಣದಷ್ಟು ಕುಗ್ಗಿಸುತ್ತಾರೆ. ಅಡುಗೆಯ ಕುಕ್ಕರಿನಲ್ಲಿ ಅದನ್ನು ಅನುಕರಿಸುವ ಸಾಹಸವನ್ನು ಯಾರೂ ಮಾಡಬಾರದು, ಅದು ಆ ಕೆಲಸಕ್ಕೆ ಮಾಡಿದ ಪಾತ್ರೆಯಲ್ಲ. ಹನ್ನೊಂದು ಆಸನಗಳಲ್ಲಿ ಒಂಬತ್ತಕ್ಕೆ ಮೂಲೆ ಮುಕ್ಕಾಗಿತ್ತು. ಎರಡು ಸರಿಯಾದವು. ನಾಲ್ಕು ಗೂಟಗಳು ಮಾತ್ರ ಬೇಗ ಬಂದವು. ಎರಕವನ್ನು ಸೋಪಿನ ನೀರಿನಲ್ಲಿ ತೊಳೆದು, ಧೂಳು ಏಳದಂತೆ ನೀರಿನಲ್ಲಿಯೇ ಉಪ್ಪುಕಾಗದದಿಂದ ಉಜ್ಜಬೇಕು. ಪ್ಲಾಸ್ಟಿಕ್ ಕಿಟ್ಟಿನ ಅಂಟು ಈ ರಾಳಕ್ಕೆ ಹಿಡಿಯದು. ಸಯನೋಆಕ್ರಿಲೇಟ್ ಅಂಟನ್ನೋ ಎಪಾಕ್ಸಿಯನ್ನೋ ಬಳಸಬೇಕು.

ಈ ನಡುವೆ ಹುಡುಗನ ಗೆಳೆಯನೊಬ್ಬ, ಹೊರದೇಶದ ಚಿಕ್ಕ ತಯಾರಕರೊಬ್ಬರು ಮಾರುವ ಆಸನವನ್ನೇ ಕೊಂಡು, ಅದರ ಅಚ್ಚು ತೆಗೆದು, ಪ್ರತಿಗಳನ್ನು ಮಾರಿದರೆ ಖರ್ಚು ಗಿಟ್ಟುತ್ತದೆಂದು ಸಲಹೆ ಕೊಟ್ಟನು. ಅಚ್ಚು ಯಾರದೆಂದು ಕೇಳುವುದಿಲ್ಲ; ಏನನ್ನು ಒತ್ತಿದರೂ ಮೂಡಿಸುತ್ತದೆ. ಕೇಳಬೇಕಾದವರು ನಾವು. ಈ ತಯಾರಕರಲ್ಲಿ ಅನೇಕರು ಒಬ್ಬಿಬ್ಬರೇ ಕುಳಿತು ವಾರಗಟ್ಟಲೆ ಮೂಲಮಾದರಿ ಕೆತ್ತುವವರು. ಮೂರು ವಾರ ಉಜ್ಜಿದ ಹುಡುಗನಿಗೆ ಇದನ್ನು ನಾವು ವಿವರಿಸಬೇಕಾಗಲಿಲ್ಲ. ಅವನೇ ಬೇಡವೆಂದನು.

ಹುಟ್ಟುಹಬ್ಬದ ಬೆಳಿಗ್ಗೆ

ಬೀಗರ ಹುಟ್ಟುಹಬ್ಬದಂದು ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ಆ ವಿಮಾನವನ್ನು, ಅವರ ಬೆರಳಿಗೆ ಎಡೆಯಿರಲೆಂದು ಗಾಜಿನ ಮುಚ್ಚಳವನ್ನು ತೆರೆದೇ ಇಟ್ಟು, ಹುಡುಗ ಅವರ ಅಂಗೈಯಲ್ಲಿರಿಸಿದನು. ಅವರು ರೆಕ್ಕೆಯ ಅಡಿಯ ನಾಲ್ಕು ಗೂಟಗಳನ್ನು ಎಣಿಸಿದರು. ಕಿರುಬೆರಳನ್ನು ಆಸನದ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. “ಹಾಂ, ಇದು ನಮ್ಮದು” ಎಂದರು. ಆಮೇಲೆ, ಕೆಲಸಗಾರರ ಅಭ್ಯಾಸದಂತೆ, “ಎಡಗಡೆ ಹೊರಗಿನ ಗೂಟ ಒಂದೆಳೆ ಓರೆಯಾಗಿದೆ” ಎಂದೂ ಸೇರಿಸಿದರು. ಹುಡುಗ ಬಗ್ಗಿ ನೋಡಿದನು. ನಮ್ಮ ಕಣ್ಣಿಗೆ ಕಾಣದ್ದು ಅವರ ಬೆರಳಿಗೆ ಸಿಕ್ಕಿತ್ತು. ಕೆಟ್ಟುಹೋದ ಒಂಬತ್ತು ಆಸನಗಳನ್ನೂ ಅವರು ಕೇಳಿ ಪಡೆದು, ಒಂದೊಂದನ್ನೂ ತಡವಿ, ಎಲ್ಲಿ ಗಾಳಿ ನಿಂತಿತೆಂದು ಮೊಮ್ಮಗನಿಗೆ ಹೇಳುತ್ತ ಅರ್ಧ ದಿನ ಕಳೆದರು. ಸೊಸೆ ಬಾಗಿಲಲ್ಲಿ ನಿಂತು ತಂದೆಯನ್ನು ನೋಡುತ್ತಿದ್ದಳು.

ಮನೆಯಲ್ಲಿ ಮಕ್ಕಳು ಇಂತಹ ಹವ್ಯಾಸಕ್ಕೆ ಕೈಯಿಟ್ಟರೆ ತಂದೆತಾಯಿಗಳು ತಡೆಯಬೇಕಾಗಿಲ್ಲ. ಆರಂಭಕ್ಕೆ ರಬ್ಬರಿನ ಅಚ್ಚಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು ಕಲಿಯಲಿ. ಅಚ್ಚಿನ ಗುಣದೋಷಗಳೆಲ್ಲ ಅದರಲ್ಲಿಯೇ ತಿಳಿಯುತ್ತವೆ. ರಾಳಕ್ಕೆ ಹೋಗುವ ದಿನ ಬಂದಾಗ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು, ಸೀಸೆಯ ಮುಚ್ಚಳ ತೆಗೆಯುವ ಮೊದಲು, ಜೊತೆಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಲಿ. ಮನೆಯಲ್ಲಿ ಯಾರಿಗಾದರೂ ಉಬ್ಬಸದ ತೊಂದರೆ ಇದ್ದರೆ ಆ ಸೀಸೆ ಮನೆಯೊಳಗೆ ಬರುವುದೇ ಬೇಡ. ಇಷ್ಟನ್ನು ನಾವು ಗ್ರಂಥದಿಂದ ತಿಳಿದು ಹೇಳುತ್ತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಲಿತು ಹೇಳುತ್ತಿದ್ದೇವೆ.